ಗೃಹಸ್ಥರ ಪುಟ: ಕಾಣದ ಆಳಿಗೆ ಹೇಳುವ ಮಾತು

ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಅದಕ್ಕೆ ಸಮೀಪದ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಕಿರುಶಾಸನದ ಪ್ರತಿಗಳಿರುವದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ. ಟರ್ನರ್ ಎಂಬ ಆಂಗ್ಲ ಪಂಡಿತರು ಇವೆರಡನ್ನೂ 1932ರಲ್ಲಿ ಪ್ರಕಟಿಸಿದರು. ಇದೇ ಶಾಸನದ ಬೇರೆ ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ, ಬಿಹಾರ ಪ್ರಾಂತದ ಸಾಸಾರಾಮಿನಲ್ಲಿಯೂ, ಇನ್ನೂ ಕೆಲವು ಸ್ಥಳಗಳಲ್ಲಿಯೂ ಇವೆ. ಬ್ರಹ್ಮಗಿರಿಯ ಪ್ರತಿಯ ಒಂದು ಕಡೆಯಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಆ 256 ಏನು? ವರ್ಷಗಳೋ, ದಿನಗಳೋ, ಮತ್ತೇನಾದರೂ ಎಣಿಕೆಯೋ ಎಂಬುದು ಅಲ್ಲಿ ಸ್ಪಷ್ಟವಾಗಿಲ್ಲ. ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷಗಳೆಂದು ಕೆಲವರು ವಾದಿಸಿದರು. ಅದಲ್ಲವೆಂದು ಮತ್ತೆ ಕೆಲವರು ನುಡಿದರು. ಸಾಸಾರಾಮಿನ ಪ್ರತಿಯಲ್ಲಿ ಅದೇ ಸಂಖ್ಯೆಯ ಸಂಗಡ ‘ರಾತ್ರಿ’ ಎಂಬರ್ಥದ ಮಾತೊಂದು ಇರುವದನ್ನು ಗುರುತಿಸಿದ ಮೇಲೆಯೇ, ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂಬುದನ್ನು ಹೆಚ್ಚಿನ ವಿದ್ವಾಂಸರು ಒಪ್ಪಿಕೊಂಡರು. ಒಂದೇ ಒಂದು ಶಬ್ದದ ಕೊರತೆಯಿಂದ ಎಷ್ಟು ಗ್ರಂಥಗಳು, ಎಷ್ಟು ವಾದಗಳು!

ಬರೆದವನು ಒಂದು ಕಡೆ, ಓದುವವನು ಮತ್ತೊಂದು ಕಡೆ ಇರುವಾಗ ಹೀಗಾಗುವದು ಸಹಜ. ಎದುರಿಗೆ ಕುಳಿತವನಿಗೆ ಸಂಶಯ ಬಂದರೆ ಕೇಳಿಯಾನು. ಕೇಳಲಾರದವನು ತನಗೆ ತೋಚಿದ ಅರ್ಥವನ್ನು ಹಿಡಿದು ಮುಂದೆ ಸಾಗುವನು. ವಿದ್ವಾಂಸರ ವಾದದಿಂದ ಯಾರ ಮನೆಯ ಹಣವೂ ಹೋಗಲಿಲ್ಲ. ಆದರೆ ಇಂದಿನ ದಿನಗಳಲ್ಲಿ ಇಂಥ ಓದುಗನೊಬ್ಬನು ನಮ್ಮ ಮನೆಗಳಿಗೇ ಬರತೊಡಗಿರುವನು. ಅವನು ತಪ್ಪು ತಿಳಿದರೆ ನಷ್ಟವು ನಮ್ಮ ಗಂಟಿಗೇ ತಗಲುವದು. ಮನೆವಾರ್ತೆಯ ವಿಷಯಗಳಿಗೆ ಮೀಸಲಾದ ಈ ಪುಟದಲ್ಲಿ ಯಂತ್ರದ ಮಾತೇಕೆಂದು ಯಾರೂ ಆಕ್ಷೇಪಿಸದಿರಲೆಂದು ಇಷ್ಟನ್ನು ಮೊದಲಿಗೇ ಹೇಳಬೇಕಾಯಿತು.

ಈ ಹೊಸ ಓದುಗನು ಕೃತಕ ಬುದ್ಧಿಮತ್ತೆಯ ಏಜೆಂಟನು. ಪ್ರಶ್ನೆಗೆ ಉತ್ತರ ಹೇಳಿ ಸುಮ್ಮನಾಗುವ ಯಂತ್ರವು ಬೇರೆ. ನಮ್ಮ ಪರವಾಗಿ ಕೆಲಸವನ್ನೇ ಮಾಡಿ ಬರುವ ಯಂತ್ರವು ಬೇರೆ. ‘ನಾಳೆ ಬೆಳಗಿನ ಬಸ್ಸಿಗೆ ಎರಡು ಟಿಕೇಟು ತೆಗೆ’, ‘ಹೊಲದ ಪಹಣಿ ನೋಡಿ ಹೇಳು’, ‘ಅಂಗಡಿಯಿಂದ ಅಕ್ಕಿ ತರಿಸು’ ಎಂದು ಹೇಳಿದರೆ, ಕಂಪ್ಯೂಟರಿನ ಅಥವಾ ಮೊಬೈಲಿನ ಬ್ರೌಸರಿನ ಮೂಲಕ ಆಯಾ ಜಾಲತಾಣಕ್ಕೆ ಹೋಗಿ ಆ ಕೆಲಸವನ್ನು ಪೂರೈಸಲು ಯತ್ನಿಸುವದೇ ಏಜೆಂಟನ ಕಾರ್ಯ. ಮೊದಮೊದಲು ಇದು ಪುಟದ ಚಿತ್ರವನ್ನು ನೋಡಿ, ಗುಂಡಿ ಎಲ್ಲಿದೆ, ಮನೆ ಎಲ್ಲಿದೆ ಎಂದು ಊಹಿಸಿ ಒತ್ತುತ್ತಿತ್ತು. ಇದು ಕತ್ತಲೆಯಲ್ಲಿ ಬಾಗಿಲು ತಡವಿದಂತೆ ನಿಧಾನವೂ ಅನಿಶ್ಚಿತವೂ ಆದ ಮಾರ್ಗ. ಆದುದರಿಂದ, ಜಾಲತಾಣವೇ ತನ್ನಲ್ಲಿ ಯಾವ ಯಾವ ಉಪಕರಣಗಳಿವೆ, ಅವುಗಳಿಂದ ಏನಾಗುವದು ಎಂಬುದನ್ನು ಏಜೆಂಟನಿಗೆ ಮಾತಿನಲ್ಲಿ ತಿಳಿಸಲಿ ಎಂಬ ವಿಚಾರ ಹುಟ್ಟಿತು.

ಅಮೇರಿಕೆಯ ಆಂಥ್ರೋಪಿಕ್ ಸಂಸ್ಥೆಯವರು 2024ರ ನವೆಂಬರಿನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಕ್ರಮವನ್ನು ಪ್ರಕಟಿಸಿದರು. ಯಂತ್ರವು ಹೊರಗಿನ ಉಪಕರಣಗಳನ್ನು ಯಾವ ರೀತಿಯಿಂದ ತಿಳಿದು ಬಳಸಬೇಕೆಂಬುದಕ್ಕೆ ಅದೊಂದು ಕಟ್ಟಳೆ. ಅದೇ ವಿಚಾರವನ್ನು ಬ್ರೌಸರಿನೊಳಕ್ಕೆ ತರುವದಕ್ಕಾಗಿ ಗೂಗಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳ ಎಂಜಿನಿಯರರು 2025ರಲ್ಲಿ ‘ವೆಬ್‌ಎಂಸಿಪಿ’ ಎಂಬ ಯೋಜನೆಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯ ಒಂದು ಸಮುದಾಯ ಗುಂಪಿನಲ್ಲಿ ಮುಂದಿಟ್ಟರು. ಇದರ ಮೇರೆಗೆ ಪ್ರತಿಯೊಂದು ಉಪಕರಣಕ್ಕೂ ಮೂರು ಅಂಗಗಳು: ಒಂದು ಹೆಸರು, ಒಂದು ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಗಳ ಪಟ್ಟಿ. ಉಪಕರಣದ ಒಳಗಿನ ಯಂತ್ರರಚನೆಯನ್ನು ಏಜೆಂಟನು ಕಾಣನು. ಅವನಿಗೆ ಕಾಣುವದು ಈ ಮೂರೇ.

ಇದನ್ನು ಅಡಿಗೆಮನೆಯ ದೃಷ್ಟಾಂತದಿಂದ ತಿಳಿಯಬಹುದು. ಸಾಲಾಗಿ ಇಟ್ಟ ಮುಚ್ಚಿದ ಡಬ್ಬಿಗಳ ಮೇಲೆಲ್ಲ ‘ಪುಡಿ’ ಎಂದಷ್ಟೇ ಚೀಟಿ ಅಂಟಿಸಿದ್ದರೆ, ಆ ಮನೆಯಲ್ಲಿ ಹತ್ತು ವರ್ಷ ಬಾಳಿದ ಗೃಹಿಣಿಗೆ ತೊಡಕಿಲ್ಲ. ಮೂರನೆಯದು ಖಾರದ ಪುಡಿ, ಐದನೆಯದು ಸೀಗೆಯ ಪುಡಿ ಎಂದು ಆಕೆಯ ಕೈಗೇ ಗೊತ್ತು. ನಿನ್ನೆ ಮನೆ ತುಂಬಿದ ಸೊಸೆಯ ಪಾಡೇನು? ಮುಚ್ಚಳ ತೆಗೆದು ಮೂಸಿ ನೋಡುವ ಅವಕಾಶವೂ ಇಲ್ಲವೆಂದಿಟ್ಟುಕೊಳ್ಳಿರಿ. ಏಜೆಂಟನು ಪ್ರತಿಯೊಂದು ಜಾಲತಾಣಕ್ಕೂ ನಿನ್ನೆ ಬಂದ ಸೊಸೆಯೇ. ತಪ್ಪು ಅವನದೆನ್ನುವದಕ್ಕೆ ಮೊದಲು ಚೀಟಿ ಬರೆದವರ ಕೈಬರಹವನ್ನು ನೋಡಬೇಕು.

ಈಗ ಚೀಟಿಯನ್ನು ಹೇಗೆ ಬರೆಯಬೇಕೆಂಬುದನ್ನು ವಿಚಾರಿಸೋಣ. ಗಂಗಾವತಿಯ ಸೋನಾ ಮಸೂರಿ ಅಕ್ಕಿಯ ಖ್ಯಾತಿಯನ್ನು ಬಣ್ಣಿಸಬೇಕಾಗಿಲ್ಲ. ಅಲ್ಲಿಯ ಒಬ್ಬ ಅಕ್ಕಿ ವ್ಯಾಪಾರಿಯು ತನ್ನ ಜಾಲತಾಣದಲ್ಲಿ ಇಂಥದೊಂದು ಉಪಕರಣವನ್ನು ಇಟ್ಟನೆಂದು ಊಹಿಸೋಣ. ಹೆಸರು: ‘ಅಕ್ಕಿ’. ವಿವರಣೆ: ‘ಉತ್ತಮವಾದ ಅಕ್ಕಿಗಾಗಿ ಇದನ್ನು ಬಳಸಿರಿ’. ಕೊಡಬೇಕಾದ ಮಾಹಿತಿ: ‘ಪ್ರಮಾಣ’. ಕುಷ್ಟಗಿಯ ಗೃಹಿಣಿಯೊಬ್ಬಳು ತನ್ನ ಏಜೆಂಟನಿಗೆ ‘25 ಕಿಲೋ ಅಕ್ಕಿಯ ಬೆಲೆ ಏನಿದೆ ನೋಡು’ ಎನ್ನುವಳು. ಏಜೆಂಟನು ಪ್ರಮಾಣವೆಂಬಲ್ಲಿ 25 ಎಂದು ಬರೆಯುವನು. ವ್ಯಾಪಾರಿಯ ಲೆಕ್ಕದಲ್ಲಿ ಪ್ರಮಾಣವೆಂದರೆ 25 ಕಿಲೋ ತೂಕದ ಚೀಲಗಳ ಸಂಖ್ಯೆ. ಉಪಕರಣವು ಬೆಲೆ ತಿಳಿಸುವದಕ್ಕಲ್ಲ, ಕೊಳ್ಳುವದಕ್ಕೆ ಇದೆ. ಪರಿಣಾಮವಾಗಿ 625 ಕಿಲೋ ಅಕ್ಕಿಯು ಆಕೆಯ ಬಾಗಿಲಿಗೆ ಹೊರಡುವದು! ಇದರಲ್ಲಿ ಗೃಹಿಣಿಯ ತಪ್ಪಿಲ್ಲ. ಏಜೆಂಟನ ತಪ್ಪೂ ಹೆಚ್ಚಿಲ್ಲ. ‘ಪ್ರಮಾಣ’ ಎಂಬ ಒಂದು ಮಾತು ಬ್ರಹ್ಮಗಿರಿಯ 256ರಂತೆ ಮಾನವಿಲ್ಲದೆ ನಿಂತದ್ದೇ ಅನರ್ಥಕ್ಕೆ ಮೂಲ.

ಅದೇ ವ್ಯಾಪಾರಿಯು ಎರಡು ಉಪಕರಣಗಳನ್ನು ಮಾಡಿ ಹೀಗೆ ಬರೆದಿದ್ದರೆ? ಮೊದಲನೆಯದು: ‘ಅಕ್ಕಿಯ ದರ ತಿಳಿಸು. ಇಂದು ಮಾರಾಟಕ್ಕಿರುವ ಅಕ್ಕಿಯ ತಳಿಯನ್ನೂ, ಹಳೆಯದೋ ಹೊಸದೋ ಎಂಬುದನ್ನೂ, 25 ಕಿಲೋ ಚೀಲದ ಬೆಲೆಯನ್ನು ರೂಪಾಯಿಗಳಲ್ಲಿಯೂ ತಿಳಿಸುವದು. ನೋಡುವದಕ್ಕೆ ಮಾತ್ರ, ಏನನ್ನೂ ಕೊಳ್ಳುವದಿಲ್ಲ. ಭತ್ತದ ದರ ಇದರಲ್ಲಿಲ್ಲ.’ ಎರಡನೆಯದು: ‘ಅಕ್ಕಿ ತರಿಸು. ತಳಿಯನ್ನೂ ಚೀಲಗಳ ಸಂಖ್ಯೆಯನ್ನೂ ಕೊಟ್ಟರೆ ಬೇಡಿಕೆ ದಾಖಲಾಗಿ ಹಣ ಕೊಡಬೇಕಾಗುವದು. ಚೀಲಗಳ ಸಂಖ್ಯೆ 1ರಿಂದ 20ರ ವರೆಗಿನ ಪೂರ್ಣಾಂಕ, ಕಿಲೋ ಅಲ್ಲ, 50 ಕಿಲೋ ಬೇಕಾದರೆ 2 ಎಂದು ಕೊಡಬೇಕು. ಸಾಮಾನು ಹೊರಟ ಮೇಲೆ ರದ್ದುಮಾಡಲಾಗದು.’ ಇದರಲ್ಲಿ ಪಾಂಡಿತ್ಯವೇನೂ ಇಲ್ಲ. ಅಂಗಡಿಯ ಹುಡುಗನಿಗೆ ಮೊದಲ ದಿನ ಹೇಳಿಕೊಡುವ ಮಾತುಗಳೇ ಇವು. ಆದರೂ ಮೇಲಿನ ಅನರ್ಥವು ಈ ಬರಹದಿಂದ ಬಹುಮಟ್ಟಿಗೆ ತಪ್ಪುವದು.

ಈ ಉದಾಹರಣೆಯಿಂದ ಹೊರಡುವ ನಿಯಮಗಳು ಕೆಲವಿವೆ. ಹೆಸರು ಕ್ರಿಯೆಯನ್ನು ಹೇಳಬೇಕು. ‘ಅಕ್ಕಿ’ ಎಂಬುದು ವಸ್ತು, ‘ಅಕ್ಕಿಯ ದರ ತಿಳಿಸು’ ಎಂಬುದು ಕೆಲಸ. ಒಂದು ಉಪಕರಣಕ್ಕೆ ಒಂದೇ ಕೆಲಸವಿರಬೇಕು. ನೋಡುವದನ್ನೂ ಕೊಳ್ಳುವದನ್ನೂ ಒಂದರಲ್ಲಿಯೇ ಸೇರಿಸಬಾರದು. ಯಾವಾಗ ಬಳಸಬೇಕೆಂಬುದರಷ್ಟೇ ಯಾವಾಗ ಬಳಸಬಾರದೆಂಬುದೂ ಮುಖ್ಯ; ನೆರೆಯಲ್ಲಿರುವ ಇನ್ನೊಂದು ಉಪಕರಣಕ್ಕೂ ಇದಕ್ಕೂ ಇರುವ ಭೇದವನ್ನು ಹೇಳದಿದ್ದರೆ ಏಜೆಂಟನು ಎರಡರ ನಡುವೆ ತೂಗಾಡುವನು.

ಮಾನಗಳ ವಿಷಯವನ್ನು ನಮ್ಮ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಗಂಗಾವತಿ, ಕಾರಟಗಿಗಳ ಕಡೆಯಲ್ಲಿ ಭತ್ತದ ದರವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಆಡುವ ವಾಡಿಕೆಯಿದೆ. ಸರಕಾರದ ಬೆಂಬಲ ಬೆಲೆಯು ಕ್ವಿಂಟಲಿನ ಲೆಕ್ಕದಲ್ಲಿ ಪ್ರಕಟವಾಗುವದು. ರೈತನು ‘ನಲವತ್ತು’ ಎಂದರೆ ಚೀಲವಾದರೆ 30 ಕ್ವಿಂಟಲು. ಅದನ್ನೇ ಕ್ವಿಂಟಲೆಂದು ಹಿಡಿದರೆ ಇಲ್ಲದ 1,000 ಕಿಲೋ ಭತ್ತವು ಕಾಗದದ ಮೇಲೆ ಹುಟ್ಟುವದು. ದಿನಾಂಕಗಳಲ್ಲಿಯೂ ಇದೇ ತೊಡಕು. 3/4 ಎಂಬುದು ನಮ್ಮಲ್ಲಿ ಏಪ್ರಿಲ್ ಮೂರು. ಅಮೇರಿಕೆಯವರ ಪದ್ಧತಿಯಲ್ಲಿ ಮಾರ್ಚಿ ನಾಲ್ಕು. ಆದುದರಿಂದ ಪ್ರತಿಯೊಂದು ಮಾಹಿತಿಯ ಬದಿಗೂ ಅದರ ಮಾನ, ಬರೆಯುವ ಕ್ರಮ, ಮತ್ತು ಒಂದು ನಿದರ್ಶನ, ಈ ಮೂರನ್ನು ಕೊಟ್ಟುಬಿಡುವದು ಲೇಸು.

ಊರಿನ ಹೆಸರುಗಳು ಇನ್ನೊಂದು ಬಲೆ. ಯಲಬುರ್ಗಾ ಸೀಮೆಯಲ್ಲಿ ಮಂಗಳೂರು ಎಂಬ ಹಳ್ಳಿಯಿದೆ; ಕಡಲ ತೀರದ ಮಂಗಳೂರನ್ನು ಅರಿಯದವರಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ದೇವಾಲಯ ಕಟ್ಟಿಸಿದ ಇಟಗಿ ನಮ್ಮದು; ಭೀಮಾಂಬಿಕೆಯ ಇಟಗಿ ರೋಣದ ಕಡೆಯದು. ಕುಷ್ಟಗಿ ತಾಲೂಕೊಂದರಲ್ಲಿಯೇ ಹನುಮಸಾಗರವೂ ಇದೆ, ಹನುಮನಾಳವೂ ಇದೆ. ಆಂಗ್ಲ ಲಿಪಿಯಲ್ಲಿ ಬರೆಯುವಾಗ ಕೊಪ್ಪಳ, ಗಂಗಾವತಿ, ಯಲಬುರ್ಗಾ ಎಂಬ ಹೆಸರುಗಳು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೂಪ ತಾಳುವವು. ‘ಊರಿನ ಹೆಸರು ಕೊಡಿರಿ’ ಎಂದಷ್ಟೇ ಬರೆದ ಉಪಕರಣವು, ಮುದುಕಿಯೊಬ್ಬಳನ್ನು ಮಗಳ ಮನೆಗೆ ಕಳಿಸುವ ಬದಲು ಸಮುದ್ರದ ದಂಡೆಗೆ ಕಳಿಸುವ ಟಿಕೇಟನ್ನು ತೆಗೆದರೆ ಆಶ್ಚರ್ಯವಿಲ್ಲ. ‘ಜಿಲ್ಲೆ, ತಾಲೂಕು, ಊರು ಈ ಮೂರನ್ನೂ ಕೊಡಬೇಕು, ಒಂದೇ ಹೆಸರಿನ ಊರುಗಳು ಹೆಚ್ಚಾಗಿ ಕಂಡುಬಂದರೆ ತಾನಾಗಿ ಆರಿಸದೆ ಯಜಮಾನನನ್ನು ಕೇಳಬೇಕು’ ಎಂದು ಬರೆದರೆ ಸಾಕು.

ಪಹಣಿಯ ಸಂಗತಿಯಲ್ಲಿ ಇದು ಇನ್ನೂ ಗಂಭೀರ. ಕರ್ನಾಟಕ ಸರಕಾರದ ಭೂಮಿ ಯೋಜನೆಯಿಂದ ಈ ಶತಮಾನದ ಆದಿಯಿಂದಲೇ ಜಮೀನಿನ ದಾಖಲೆಗಳು ಕಂಪ್ಯೂಟರಿನಲ್ಲಿ ದೊರೆಯುತ್ತಿರುವವಷ್ಟೆ. ಅದರಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳನ್ನು ಆರಿಸಿ, ಸರ್ವೇ ನಂಬರು ಕೊಟ್ಟು, ಆಮೇಲೆ ‘ಸರ್ನಾಕ್’ ಎಂಬುದನ್ನೂ ಹಿಸ್ಸಾವನ್ನೂ ತುಂಬಬೇಕು. ಹಿಸ್ಸಾ ಎಂದರೆ ಒಂದೇ ಸರ್ವೇ ನಂಬರಿನ ಹೊಲವು ಅಣ್ಣತಮ್ಮಂದಿರಲ್ಲಿ ಪಾಲಾದಾಗ ಉಂಟಾದ ತುಂಡೆಂದು ರೈತನು ಬಲ್ಲನು. ಸರ್ನಾಕ್ ಎಂದರೇನೆಂದು ಹತ್ತು ಜನರನ್ನು ಕೇಳಿದರೆ ಹೇಳುವವರು ಒಬ್ಬರು ಸಿಕ್ಕಾರೋ ಇಲ್ಲವೋ. ಮನುಷ್ಯನಾದರೆ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿ ತಿಳಿದುಕೊಳ್ಳುವನು. ಏಜೆಂಟನಿಗೆ ಆ ಕಟ್ಟೆಯಿಲ್ಲ. ಹಿಸ್ಸಾ ತಪ್ಪಿದರೆ ತಮ್ಮನ ಹೊಲದ ಪಹಣಿಯು ಅಣ್ಣನ ಸಾಲದ ಕಾಗದಕ್ಕೆ ಸೇರುವದು. ಅದರಿಂದ ಹುಟ್ಟುವ ಮನಸ್ತಾಪವು ಬೆಳೆಯ ಸಾಲ ತೀರಿದ ಮೇಲೂ ತೀರಲಿಕ್ಕಿಲ್ಲ. ಇಂಥ ಕಡೆಯಲ್ಲಿ ಪಾರಿಭಾಷಿಕ ಶಬ್ದವನ್ನು ಬಿಡಿಸಿ ಹೇಳುವ ಒಂದು ಸಾಲು, ನೂರು ಸಾಲುಗಳ ಯಂತ್ರರಚನೆಗಿಂತ ಬೆಲೆಯುಳ್ಳದ್ದು.

ಕೆಲಸ ಕೆಟ್ಟಾಗ ಉಪಕರಣವು ಏನು ಹೇಳುವದೆಂಬುದೂ ವಿವರಣೆಯ ಭಾಗವೇ. ‘ದೋಷ ಸಂಭವಿಸಿದೆ’ ಎಂಬ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. ಏಜೆಂಟನು ಅದೇ ಬಾಗಿಲನ್ನು ಮತ್ತೆ ಮತ್ತೆ ತಟ್ಟುವನು. ಹಣ ಪಾವತಿಯಾದ ಮೇಲೆ ಇಂಥ ಉತ್ತರ ಬಂದರಂತೂ ಎರಡನೆಯ ಸಲ ಹಣ ಹೋಗುವ ಭಯವುಂಟು. ‘ಈ ಹೋಬಳಿಯಲ್ಲಿ ಆ ಹೆಸರಿನ ಗ್ರಾಮವಿಲ್ಲ, ಹೋಬಳಿಯನ್ನು ಪರೀಕ್ಷಿಸಿರಿ’ ಎಂದೋ, ‘ಹಣ ಸಂದಿದೆ, ರಸೀದಿ ಬರಬೇಕಾಗಿದೆ, ಪುನಃ ಪಾವತಿ ಮಾಡಬೇಡಿರಿ’ ಎಂದೋ ಹೇಳಿದರೆ ಮುಂದಿನ ಹೆಜ್ಜೆ ತಾನಾಗಿ ತಿಳಿಯುವದು.

ಇಷ್ಟೆಲ್ಲ ಬರೆಯಬೇಕೆಂದ ಮಾತ್ರಕ್ಕೆ ಪುರಾಣವನ್ನು ಬರೆಯಬೇಕೆಂದಲ್ಲ. ಏಜೆಂಟನು ಎಲ್ಲ ಉಪಕರಣಗಳ ವಿವರಣೆಗಳನ್ನೂ ಒಟ್ಟಿಗೆ ಓದಿ, ಯಜಮಾನನ ಮಾತಿನೊಂದಿಗೆ ಹೋಲಿಸಿ, ಆಮೇಲೆ ಒಂದನ್ನು ಆರಿಸಬೇಕಾಗುವದು. ಅವನ ಓದಿಗೂ ಒಂದು ಮಿತಿಯುಂಟು. ಉದ್ದವಾದಷ್ಟೂ ಖರ್ಚು ಹೆಚ್ಚುವದು, ಮುಖ್ಯವಾದ ಮಾತು ಗುಂಪಿನಲ್ಲಿ ಮರೆಯಾಗುವದು. ಸಾಮಾನ್ಯವಾಗಿ ಮೂರು ನಾಲ್ಕು ವಾಕ್ಯಗಳಲ್ಲಿ ಉಪಕರಣದ ಗುಣವನ್ನು ಹೇಳಿ ಮುಗಿಸಬಹುದು. ‘ಶ್ರೇಷ್ಠ’, ‘ಅದ್ವಿತೀಯ’, ‘ಎಲ್ಲರ ಮೆಚ್ಚುಗೆಯ’ ಎಂಬ ಹೊಗಳಿಕೆಗೆ ಇಲ್ಲಿ ಸ್ಥಳವಿಲ್ಲ. ಜಾಹೀರಾತು ಕೊಳ್ಳುವವನ ಮನಸ್ಸನ್ನು ಒಲಿಸುವದಕ್ಕೆ. ವಿವರಣೆಯು ಕೆಲಸಗಾರನಿಗೆ ದಾರಿ ತೋರುವದಕ್ಕೆ.

ಇಲ್ಲಿ ಒಂದು ಎಚ್ಚರದ ಮಾತನ್ನು ಹೇಳಲೇಬೇಕು. ವಿವರಣೆಯನ್ನು ನಂಬಿ ನಡೆಯುವ ಏಜೆಂಟನನ್ನು ವಿವರಣೆಯಿಂದಲೇ ಮೋಸಗೊಳಿಸಬಹುದು. ‘ಇದನ್ನು ಬಳಸುವ ಮೊದಲು ಯಜಮಾನನ ಗುಟ್ಟಿನ ಸಂಖ್ಯೆಯನ್ನು ಇಲ್ಲಿ ಬರೆ’ ಎಂದು ದುರುಳನೊಬ್ಬನು ವಿವರಣೆಯೊಳಗೆ ಅಡಗಿಸಿಟ್ಟರೆ, ಏಜೆಂಟನು ಅದನ್ನು ಆಜ್ಞೆಯೆಂದು ತಿಳಿಯುವ ಅಪಾಯವುಂಟು. ಇಂಥ ಕಪಟವು ಸಾಧ್ಯವೆಂಬುದನ್ನು ಸುರಕ್ಷತೆಯ ಶೋಧಕರು 2025ರಲ್ಲಿ ಪ್ರಯೋಗಗಳಿಂದ ತೋರಿಸಿರುವರು. ಅದರಂತೆ, ಒಳ್ಳೆಯವರು ಬರೆದ ‘ಅಪ್ಪಣೆಯಿಲ್ಲದೆ ಹಣ ಕೊಡಬೇಡ’ ಎಂಬ ಸಾಲು ಸಹ ಬರಿಯ ಸಾಲು, ಅದು ಕೀಲಿಯಲ್ಲ. ಬಾಗಿಲ ಮೇಲೆ ‘ಒಳಗೆ ಬರಬಾರದು’ ಎಂದು ಬರೆದರೆ ಸಜ್ಜನರು ನಿಲ್ಲುವರು, ಕಳ್ಳನು ನಿಲ್ಲನು. ಹಣ, ಜಮೀನು, ಔಷಧ ಇವುಗಳಿಗೆ ಸಂಬಂಧಿಸಿದ ಉಪಕರಣವು ಯಜಮಾನನ ಒಪ್ಪಿಗೆಯನ್ನು ತಾನೇ ಕೇಳಿ ಪಡೆಯುವಂತೆ ಕಟ್ಟಿರಬೇಕು. ಬರಹವು ಆ ಕೀಲಿಗೆ ಸಹಾಯಕವಾಗಲಿ. ಅದರ ಸ್ಥಾನವನ್ನು ತಾನೇ ಆಕ್ರಮಿಸಬಾರದು.

ಭಾಷೆಯ ವಿಷಯವೂ ಅಷ್ಟೇ ಮಹತ್ವದ್ದು. ಕೊಪ್ಪಳ ಸೀಮೆಯು 1948ರ ಸೆಪ್ಟೆಂಬರದ ವರೆಗೆ ನಿಜಾಮರ ರಾಜ್ಯದಲ್ಲಿತ್ತು; ಆಡಳಿತದ ಭಾಷೆ ಉರ್ದು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಉರ್ದು. ಆ ಕಾಗದವನ್ನು ಓದಲಾರದವನು ಓದಿ ಹೇಳುವವನ ಪ್ರಾಮಾಣಿಕತೆಯನ್ನೇ ನಂಬಿ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಇಂದು ಏಜೆಂಟನೊಡನೆ ನಾವು ಕನ್ನಡದಲ್ಲಿ ಮಾತಾಡಬಹುದು. ಆದರೆ ಅವನು ಓದುವ ವಿವರಣೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇರುವವು. ಆದುದರಿಂದ ನಮ್ಮ ಜನರಿಗಾಗಿ ಜಾಲತಾಣ ಕಟ್ಟುವವರು, ಒಪ್ಪಿಗೆ ಕೇಳುವ ಮಾತನ್ನಾದರೂ ಕನ್ನಡದಲ್ಲಿ ಇಡತಕ್ಕದ್ದು. ಹಿಸ್ಸಾ, ಗುಂಟೆ, ಹೋಬಳಿ ಮೊದಲಾದ ಶಬ್ದಗಳನ್ನು ಅನುವಾದಿಸಲು ಹೋಗದೆ ಇದ್ದಂತೆಯೇ ಇಟ್ಟು ಅರ್ಥ ಬಿಡಿಸತಕ್ಕದ್ದು. ಒಂದು ಎಕರೆಗೆ 40 ಗುಂಟೆ ಎಂಬುದು ನಮಗೆ ಬಾಯಿಪಾಠ; ಅದನ್ನು ಬರೆಯದೆ ಬಿಟ್ಟರೆ, 2 ಎಕರೆ 20 ಗುಂಟೆಯನ್ನು ಹೊರಗಿನವರು ಎರಡೂವರೆ ಎಕರೆಯೆಂದು ತಿಳಿಯದೆ 2.20 ಎಂದು ತಿಳಿಯುವ ಸಂಭವವುಂಟು.

ಬರೆದದ್ದು ಸರಿಯಾಯಿತೇ ಎಂದು ನೋಡುವ ಉಪಾಯವು ಸುಲಭ. ಆ ಕೆಲಸದ ಗಂಧವೇ ಇಲ್ಲದ ನೆರೆಯವರೊಬ್ಬರಿಗೆ ವಿವರಣೆಯನ್ನಷ್ಟೇ ಓದಿ ಹೇಳಿ, ‘ಇದರಿಂದ ಏನಾಗುವದು? ಏನಾಗದು? ಹಣ ಹೋಗುವದೋ? ಹಿಂದಕ್ಕೆ ಪಡೆಯಬಹುದೋ?’ ಎಂದು ಕೇಳಬೇಕು. ಅವರು ತಡವರಿಸಿದಲ್ಲಿ ಬರಹದಲ್ಲಿ ಕೊರತೆಯಿದೆಯೆಂದು ತಿಳಿಯಬೇಕು. ಆಮೇಲೆ ಏಜೆಂಟನಿಂದಲೇ, ಹಣ ಹೋಗದಂತೆ ಏರ್ಪಡಿಸಿ, ಜನರು ಆಡುವ ಹಲವು ರೀತಿಯ ಮಾತುಗಳಿಂದ ಪರೀಕ್ಷೆ ಮಾಡಿಸಬೇಕು. ‘ಅಕ್ಕಿ ಎಷ್ಟಾಗಿದೆ?’ ಎಂದವರಿಗೂ, ‘ಒಂದು ಪಾಕೀಟು ಕಳಿಸು’ ಎಂದವರಿಗೂ ತಕ್ಕ ಉಪಕರಣವನ್ನೇ ಅವನು ಆರಿಸುವನೋ ಎಂದು ನೋಡಬೇಕು.

ನಮ್ಮ ಮನೆಗಳಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿರುವರು. ಸಹಕಾರಿ ಸಂಘಗಳ, ಅಂಗಡಿಗಳ ಜಾಲತಾಣ ನೋಡಿಕೊಳ್ಳುವ ತರುಣರಿರುವರು. ಇಂಥ ವಿವರಣೆಗಳನ್ನು ಮುಂದೆ ಬರೆಯತಕ್ಕವರು ಅವರೇ. ಗೃಹಸ್ಥರೂ ಗೃಹಿಣಿಯರೂ ಅವರಿಗೆ ಮಾಡಬಹುದಾದ ಸಹಾಯವು ಚಿಕ್ಕದಲ್ಲ. ಚೀಲವೆಂದರೆ ಎಷ್ಟು ತೂಕ, ಯಾವ ಊರಿಗೆ ಯಾವ ಹೆಸರು, ಜನರು ಏನೆಂದು ಕೇಳುವರು, ಎಲ್ಲಿ ಎಡವುವರು ಎಂಬುದು ಗ್ರಂಥಗಳಲ್ಲಿ ದೊರೆಯುವದಿಲ್ಲ. ಅದು ನಿಮ್ಮ ಅನುಭವದಲ್ಲಿದೆ. ನೀವು ಏಜೆಂಟನಿಗೆ ಕೆಲಸ ಹೇಳುವಾಗಲೂ ಇದೇ ನಿಯಮವನ್ನು ಪಾಲಿಸಿರಿ: ಮಾನ ಹೇಳಿರಿ, ತಾಲೂಕು ಹೇಳಿರಿ, ನೋಡಬೇಕೋ ಮಾಡಬೇಕೋ ಹೇಳಿರಿ, ಹಣಕ್ಕೆ ಮೊದಲು ಕೇಳೆಂದು ಹೇಳಿರಿ. ಮಾತು ನಾಲ್ಕಾದರೂ ಹೆಚ್ಚಾಗಲಿಲ್ಲ. ಮುಂದೆ ಪಡಬೇಕಾದ ನಾಲ್ಕು ದಿನಗಳ ತಿರುಗಾಟವು ತಪ್ಪಿತು.